ತಿರುಪ್ಪೂರಿನ ಗಣಕಗಳೂ ಹೊಂದಿಕೆಯ ಇತಿಹಾಸವೂ

ನೊಯ್ಯಲ್ ನದಿಯ ದಡದ ತಿರುಪ್ಪೂರನ್ನು ಕುರಿತು ಬರೆದವರು ಬಹುಮಟ್ಟಿಗೆ ಅಲ್ಲಿನ ಹೆಣಿಗೆಯ ಬಟ್ಟೆಯನ್ನು ಕುರಿತೇ ಬರೆದಿರುವುದು ಸಹಜವಾದುದು. ಬನಿಯನುಗಳನ್ನು ಹೊಲಿಯುತ್ತಿದ್ದ ಒಂದು ಪೇಟೆ, 1978ರಲ್ಲಿ ಇಟಲಿಯ ವರ್ತಕನೊಬ್ಬನು ಬಿಳಿಯ ಟೀ ಶರ್ಟುಗಳನ್ನು ಅರಸಿಕೊಂಡು ಬಂದ ತರುವಾಯ ಯುರೋಪಿನ ಅಂಗಡಿಗಳಿಗೆ ಉಡುಪನ್ನು ಒದಗಿಸುವ ನಗರವಾಗಿ ಬೆಳೆದು, 1990ರಲ್ಲಿ ತನ್ನದೇ ಆದ ರಫ್ತುದಾರರ ಸಂಘವನ್ನು ಕಟ್ಟಿಕೊಂಡು, 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳಿಂದ ರಚಿತವಾದ ಹೊಸ ಜಿಲ್ಲೆಗೆ ತಾನೇ ಕೇಂದ್ರವಾದ ವೃತ್ತಾಂತವು ಹೇಳತಕ್ಕದ್ದೇ ಸರಿ. ಆದರೆ ಆ ವೃತ್ತಾಂತದ ಒಡಲಲ್ಲಿ, ಇದುವರೆಗೆ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಎಳೆಯಿದೆ. ಗಣಕಯಂತ್ರದ ಕೀಲಿಮಣೆ, ಪರದೆ, ಮುದ್ರಕ, ಸಂಗ್ರಹ ಇವೆಲ್ಲವನ್ನೂ ತನ್ನ ಅಧೀನದಲ್ಲಿರಿಸಿಕೊಂಡು ಮಿಕ್ಕ ತಂತ್ರಾಂಶಗಳಿಗೆ ಅವುಗಳ ಸೇವೆಯನ್ನು ಹಂಚಿಕೊಡುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆಯೆಂದು ಕರೆಯುತ್ತೇವಷ್ಟೆ. ದೂರದ ದೇಶಗಳಲ್ಲಿ ಹುಟ್ಟಿದ ಅಂಥ ವ್ಯವಸ್ಥೆಗಳ ಪರಸ್ಪರ ಸ್ಪರ್ಧೆಯು ಈ ಊರಿನ ಲೆಕ್ಕದ ಪುಸ್ತಕವನ್ನೂ, ಕಸೂತಿಯ ಯಂತ್ರವನ್ನೂ, ಶಾಲಾ ಬಾಲಕರ ಲ್ಯಾಪ್‌ಟಾಪನ್ನೂ, ಕೊನೆಗೆ ಇಲ್ಲಿನ ಕನ್ನಡಿಗರ ಮನೆಮಾತಿನ ಲಿಪಿಯನ್ನೂ ಯಾವ ಬಗೆಯಲ್ಲಿ ಮುಟ್ಟಿತೆಂಬುದೇ ಆ ಎಳೆ.

ಇಲ್ಲಿನ ಕನ್ನಡಿಗರು ಎಂದೆನಷ್ಟೆ. ತಿರುಪ್ಪೂರನ್ನೊಳಗೊಂಡ ಕೊಂಗುನಾಡಿಗೂ ಮೈಸೂರು ಸೀಮೆಗೂ ನಡುವೆ ಗಜ್ಜಲಹಟ್ಟಿಯ ಕಣಿವೆಯ ಮೂಲಕ ಜನರೂ ಸರಕೂ ಸೈನ್ಯವೂ ಸಂಚರಿಸಿದ ಕಾಲ ದೀರ್ಘವಾದುದು. 1799ರಲ್ಲಿ ಇಂಗ್ಲಿಷರ ವಶವಾಗುವವರೆಗೆ ಕೊಯಮತ್ತೂರು ಪ್ರಾಂತವು ಮೈಸೂರಿನ ಆಳ್ವಿಕೆಗೇ ಒಳಪಟ್ಟಿದ್ದಿತು. ಚೌಡೇಶ್ವರಿಯನ್ನು ಕುಲದೇವತೆಯಾಗಿ ಆರಾಧಿಸುವ ದೇವಾಂಗ ನೇಕಾರರು, ಹೊಲಗದ್ದೆಗಳನ್ನು ನೆಚ್ಚಿದ ಒಕ್ಕಲಿಗರು ಮೊದಲಾದವರು ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದಿದ್ದಾರೆ. ಶಾಲೆಯಲ್ಲಿ ಕಲಿತುದು ತಮಿಳು ಲಿಪಿಯಾದುದರಿಂದ, ಮನೆಯ ಮಾತನ್ನು ಬರೆಯಬೇಕಾಗಿ ಬಂದಾಗ ತಮಿಳಿನ ಅಕ್ಷರಗಳಲ್ಲಿಯೇ ಅದನ್ನು ಬರೆದುಕೊಳ್ಳುವವರು ಇವರಲ್ಲಿ ಬಹುಮಂದಿ.

ಗಣಕಕ್ಕೆ ಸಂಬಂಧಿಸಿದ ಒಂದು ಮೂಲಭೂತ ತೊಡಕು ಇದೇ ನೇಕಾರರ ಮಗ್ಗದ ಮೇಲೆ ಗಣಕಕ್ಕಿಂತ ಎಷ್ಟೋ ಮುಂಚೆಯೇ ನೆಲೆಗೊಂಡಿದ್ದಿತು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡನು 1804ರ ಹೊತ್ತಿಗೆ ರೂಪಿಸಿದ ಉಪಕರಣದಲ್ಲಿ, ಸೀರೆಯ ಅಂಚಿನ ಹೂಬಳ್ಳಿಯನ್ನು ರಟ್ಟಿನ ಕಾರ್ಡುಗಳ ಮೇಲೆ ತೂತುಗಳಾಗಿ ಕೊರೆದಿಡಲಾಗುತ್ತದೆ. ತೂತಿರುವೆಡೆ ಸೂಜಿ ಒಳಹೊಕ್ಕು ಅದಕ್ಕೆ ಸೇರಿದ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುತ್ತದೆ, ತೂತಿಲ್ಲದೆಡೆ ಎಳೆ ಕೆಳಗೇ ಉಳಿಯುತ್ತದೆ. ಸಿರುಮುಗೈಯ ರೇಷ್ಮೆಗೂ ನೆಗಮದ ಹತ್ತಿಯ ಸೀರೆಗೂ ಹೆಸರಾದ ಈ ಸೀಮೆಯ ನೇಕಾರನು, ನೂರಿಪ್ಪತ್ತು ಕೊಕ್ಕೆಯ ಜಕಾರ್ಡಿಗೆಂದು ಕೊರೆದ ಕಾರ್ಡಿನ ಸರವು ಇನ್ನೂರ ನಲವತ್ತು ಕೊಕ್ಕೆಯದಕ್ಕೆ ಒಗ್ಗದೆಂಬುದನ್ನು ಯಾವ ಗ್ರಂಥದ ಸಹಾಯವೂ ಇಲ್ಲದೆ ಬಲ್ಲನು. ಹೂಬಳ್ಳಿ ಒಂದೇ, ಕೈಯೂ ಒಂದೇ, ಯಂತ್ರ ಬೇರೆಯಾದ ಮಾತ್ರಕ್ಕೆ ಹಿಂದಿನ ಶ್ರಮವೆಲ್ಲ ಮತ್ತೆ ಮೊದಲಿನಿಂದ. ಗಣಕಲೋಕದಲ್ಲಿ ಹೊಂದಾಣಿಕೆಯ ಪ್ರಶ್ನೆಯೆಂದು ಕರೆಯುವುದು ಇದನ್ನೇ.

ಆ ಪ್ರಶ್ನೆಯೇ ಸಣ್ಣ ಗಣಕಗಳ ಮೊದಲ ದೊಡ್ಡ ಸ್ಪರ್ಧೆಯನ್ನು ನಿರ್ಣಯಿಸಿತು. ಅಮೆರಿಕದ ಗ್ಯಾರಿ ಕಿಲ್ಡಾಲ್ 1974ರಲ್ಲಿ ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯು ಆ ದಶಕದ ಸಣ್ಣ ಗಣಕಗಳನ್ನೆಲ್ಲ ವ್ಯಾಪಿಸಿದ್ದಾಗ, ಸಿಯಾಟಲ್ ನಗರದ ಟಿಮ್ ಪ್ಯಾಟರ್ಸನ್ 1980ರಲ್ಲಿ ಇನ್ನೊಂದನ್ನು ಬರೆದನು. ಮತ್ತು ಸಿಪಿ/ಎಂಗಾಗಿ ಬರೆದ ತಂತ್ರಾಂಶಗಳು ಸ್ವಲ್ಪ ತಿದ್ದುಪಡಿಯಿಂದಲೇ ತನ್ನದರ ಮೇಲೆ ನಡೆಯುವಂತೆ, ಅದರ ಒಳಗಿನ ಕರೆಗಳ ಕ್ರಮವನ್ನು ಬೇಕೆಂದೇ ಹಳೆಯದನ್ನು ಹೋಲುವಂತೆ ಇರಿಸಿದನು. ಅದನ್ನು ಕೊಂಡ ಮೈಕ್ರೋಸಾಫ್ಟ್, 1981ರ ಆಗಸ್ಟಿನಲ್ಲಿ ಹೊರಬಂದ ಐಬಿಎಂ ಗಣಕಕ್ಕೆ ಡಾಸ್ ಎಂಬ ಹೆಸರಿನಲ್ಲಿ ಒದಗಿಸಿತು. ವರ್ಡ್‌ಸ್ಟಾರಿನಂಥ ಜನಪ್ರಿಯ ತಂತ್ರಾಂಶಗಳು ಬೇಗನೆ ಅದರತ್ತ ಸರಿದುವು. ಸರಿದ ಮೇಲೆ ಹಿಂದಿರುಗಲಿಲ್ಲ. ಕಿಲ್ಡಾಲನ ಸಂಸ್ಥೆ 1988ರಲ್ಲಿ ಡಿಆರ್ ಡಾಸ್ ಎಂಬ ಸಮರ್ಥವಾದ ಪ್ರತಿಸ್ಪರ್ಧಿಯನ್ನು ತಂದಿತು. ಆ ಬಳಿಕ ಮೈಕ್ರೋಸಾಫ್ಟಿನ ವಿಂಡೋಸ್ 3.1ರ ಪರೀಕ್ಷಾರ್ಥ ಆವೃತ್ತಿಯು ತನ್ನ ಕೆಳಗೆ ಅನ್ಯರ ಡಾಸ್ ಇರುವುದನ್ನು ಗುರುತಿಸಿ, ಬಳಸುವವನಿಗೆ ದೋಷದ ಸೂಚನೆಯೊಂದನ್ನು ತೋರಿಸುತ್ತಿದ್ದಿತೆಂಬುದು ಮುಂದೆ ನ್ಯಾಯಾಲಯದವರೆಗೆ ಹೋದ ಸಂಗತಿ. 1996ರಲ್ಲಿ ಹೂಡಲಾದ ಆ ದಾವೆ 2000ದಲ್ಲಿ ರಾಜಿಯಿಂದ ಮುಗಿಯಿತು. ಐಬಿಎಂನ ಓಎಸ್/2 ವ್ಯವಸ್ಥೆಯದು ಇದಕ್ಕಿಂತಲೂ ಚಿಂತನೀಯವಾದ ಕಥೆ. 1992ರ ಅದರ ಎರಡನೆಯ ಆವೃತ್ತಿಯು ವಿಂಡೋಸಿಗಾಗಿ ಬರೆದ ತಂತ್ರಾಂಶಗಳನ್ನು ಎಷ್ಟು ಚೆನ್ನಾಗಿ ನಡೆಸುತ್ತಿದ್ದಿತೆಂದರೆ, ಓಎಸ್/2ಗಾಗಿ ಪ್ರತ್ಯೇಕವಾಗಿ ಬರೆಯಲು ತಂತ್ರಾಂಶಕಾರರಿಗೆ ಯಾವ ಕಾರಣವೂ ಉಳಿಯಲಿಲ್ಲ. ಪರರ ತಂತ್ರಾಂಶಗಳಿಗೆ ಮನೆ ಮಾಡಿಕೊಟ್ಟುದೇ ಅದರ ಅವನತಿಗೆ ಒಂದು ಮುಖ್ಯ ಕಾರಣವಾಯಿತೆಂದು ನನಗೆ ತೋರುತ್ತದೆ.

ಭಾರತದಲ್ಲಿ 1984ರ ಹೊಸ ಗಣಕನೀತಿಯಿಂದ ಯಂತ್ರಗಳು ಅಗ್ಗವಾಗತೊಡಗಿದಾಗ, ಬ್ಯಾಂಕುಗಳೂ ಸರ್ಕಾರಿ ಕಚೇರಿಗಳೂ ಯುನಿಕ್ಸ್ ಎಂಬ ವ್ಯವಸ್ಥೆಯತ್ತ ಒಲಿದರೆ, ಸಣ್ಣ ಉದ್ಯಮದ ಮೇಜಿನ ಮೇಲೆ ನೆಲೆಯೂರಿದುದು ಡಾಸ್. ಜವಳಿಯ ಊರುಗಳ ಮಟ್ಟಿಗೆ ಅದನ್ನು ಬೇರೂರಿಸಿದುದು ಬೆಂಗಳೂರಿನ ಒಂದು ಕೃತಿಯೆಂಬುದು ಗಮನಾರ್ಹ. ದಕ್ಷಿಣ ಮತ್ತು ಪೂರ್ವ ಭಾರತದ ಬಟ್ಟೆಯ ಗಿರಣಿಗಳಿಗೆ ಕಚ್ಚಾ ಸಾಮಗ್ರಿಯನ್ನೂ ಯಂತ್ರದ ಬಿಡಿಭಾಗಗಳನ್ನೂ ಸರಬರಾಜು ಮಾಡುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು, ತಮ್ಮ ಲೆಕ್ಕಪತ್ರಕ್ಕೆ ತಕ್ಕ ತಂತ್ರಾಂಶ ದೊರೆಯದೆ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದುದೇ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ. ಅದು ಹುಟ್ಟಿದುದು ಡಾಸಿನ ಮೇಲೆ, ಬೆಳೆದುದು ವಿಂಡೋಸಿನ ಮೇಲೆ. ತಿರುಪ್ಪೂರಿನಲ್ಲಿ ನೂಲು ಒಬ್ಬನಲ್ಲಿ, ಹೆಣಿಗೆ ಇನ್ನೊಬ್ಬನಲ್ಲಿ, ಬಣ್ಣ ಮತ್ತೊಬ್ಬನಲ್ಲಿ, ಹೊಲಿಗೆ ಮಗುದೊಬ್ಬನಲ್ಲಿ ನಡೆಯುವುದರಿಂದ, ಒಂದೇ ಅಂಗಿಯ ಲೆಕ್ಕವು ಅನೇಕ ಮಾಲೀಕರ ಪುಸ್ತಕಗಳಲ್ಲಿ ಹರಡಿಕೊಂಡಿರುತ್ತದೆ. ಅವರೆಲ್ಲರ ಗುಮಾಸ್ತರೂ, ಅವರೆಲ್ಲರ ಲೆಕ್ಕಪರಿಶೋಧಕರೂ ಒಂದೇ ತಂತ್ರಾಂಶವನ್ನು ಬಲ್ಲವರಾದರೆ ವ್ಯವಹಾರ ಸುಗಮ. ಹೀಗಿರುವಾಗ ವ್ಯವಸ್ಥೆಯ ಗುಣದೋಷಗಳನ್ನು ತೂಗಿನೋಡಿ ಆರಿಸುವ ಸ್ವಾತಂತ್ರ್ಯವು ಪುಟ್ಟ ಘಟಕದ ಮಾಲೀಕನಿಗೆ ಎಲ್ಲಿಂದ ಬಂದೀತು? ಆರಿಸಿದುದು ಟ್ಯಾಲಿಯನ್ನು, ವಿಂಡೋಸ್ ಅದರ ಬೆನ್ನಿಗೆ ತಾನಾಗಿ ಬಂದಿತು.

ಕಸೂತಿಯ ಘಟಕಗಳಲ್ಲಿ ಸಂಗತಿ ಇನ್ನಷ್ಟು ಸೂಕ್ಷ್ಮವಾದುದು. ಹಲವು ತಲೆಗಳ ಕಸೂತಿಯಂತ್ರಕ್ಕೆ ಚಿತ್ರವನ್ನು ಒದಗಿಸುವ ಕೆಲಸವನ್ನು ವೃತ್ತಿಯವರು ಇಂದಿಗೂ ಪಂಚಿಂಗ್ ಎನ್ನುತ್ತಾರೆ. ಹಿಂದೆ ಕಾಗದದ ಪಟ್ಟಿಯಲ್ಲಿ ತೂತು ಕೊರೆಯುತ್ತಿದ್ದ ಕಾಲದ ಮಾತು ಅದು. ಜಪಾನಿನ ತಾಜಿಮಾ ಸಂಸ್ಥೆಯು ತನ್ನ ಯಂತ್ರಗಳಿಗೆಂದು ಮಾಡಿಕೊಂಡ ಡಿಎಸ್‌ಟಿ ಎಂಬ ಕಡತದ ವಿನ್ಯಾಸವು ಇಂದು ಬಹುತೇಕ ಎಲ್ಲ ಕಸೂತಿಯಂತ್ರಗಳೂ ಓದಬಲ್ಲ ವಿನಿಮಯದ ಭಾಷೆಯಾಗಿದೆ. ಅದರ ಮೊದಲ 512 ಬೈಟುಗಳು ಶಿರೋಲೇಖ. ಅಲ್ಲಿಂದ ಮುಂದೆ ಒಂದೊಂದು ಹೊಲಿಗೆಗೆ ಮೂರು ಬೈಟುಗಳು. ಅವುಗಳಲ್ಲಿ ಸೂಜಿಯು ಹಿಂದಿನ ಸ್ಥಾನದಿಂದ ಎಷ್ಟು ಸರಿಯಬೇಕೆಂಬುದು ಮಿಲಿಮೀಟರಿನ ದಶಾಂಶಗಳಲ್ಲಿ, ಒಂದು ದಿಕ್ಕಿಗೆ ಹೆಚ್ಚೆಂದರೆ 12.1 ಮಿಲಿಮೀಟರಿನವರೆಗೆ, ಅಡಕವಾಗಿರುತ್ತದೆ. ದಾರದ ಬಣ್ಣ ಯಾವುದೆಂಬುದು ಅದರಲ್ಲಿ ಇಲ್ಲವೇ ಇಲ್ಲ! ಬಣ್ಣ ಬದಲಾಯಿಸಲು ಇಲ್ಲಿ ನಿಲ್ಲು ಎಂಬ ಸೂಚನೆ ಮಾತ್ರ ಉಂಟು. ಕೆಂಪೋ ಹಸಿರೋ ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಯಂತ್ರದವನ ಕೈಗೆ ಕೊಡಬೇಕು. ಚಿತ್ರವನ್ನು ರಚಿಸಿದ ತಂತ್ರಾಂಶದ ಸ್ವಂತ ಕಡತದಲ್ಲಾದರೋ ಬಣ್ಣವೂ, ಆಕಾರದ ಅಂಚೂ, ಹೊಲಿಗೆಯ ಸಾಂದ್ರತೆಯೂ ಎಲ್ಲವೂ ಇರುತ್ತವೆ. ಆದರೆ ಅದನ್ನು ತೆರೆಯಲು ಅದೇ ತಂತ್ರಾಂಶವೇ ಬೇಕು, ಅದಕ್ಕೆ ಬಹುಮಟ್ಟಿಗೆ ವಿಂಡೋಸೇ ಬೇಕು. ಎಲ್ಲರೂ ಓದಬಲ್ಲ ಕಡತವು ದರಿದ್ರವಾಗಿರುವುದೂ, ಸಮೃದ್ಧವಾದ ಕಡತವು ಒಬ್ಬನ ಬೀಗದೊಳಗಿರುವುದೂ ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ. ತಿರುಪ್ಪೂರಿನ ಕಸೂತಿಗಾರನು ಈ ಎರಡನ್ನೂ ಒಟ್ಟಿಗೆ ಕಾಪಾಡಿಕೊಂಡು ಕಾಲ ಹಾಕುತ್ತಿದ್ದಾನೆ.

ಅಕ್ಷರದ ವಿಷಯಕ್ಕೆ ಬಂದಾಗ ನಷ್ಟವು ಒಬ್ಬ ವರ್ತಕನದಾಗಿ ಉಳಿಯದೆ ಭಾಷೆಯೊಂದರದಾಗುತ್ತದೆ. ಆದುದರಿಂದ ಇದನ್ನು ತುಸು ವಿಸ್ತರಿಸಿ ಹೇಳುವುದು ಯುಕ್ತ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರವು ಗಣಕದೊಳಗೆ ಒಂದು ಹೆಚ್ಚುವರಿ ಫಲಕವನ್ನಿರಿಸಿ, ಡಾಸಿನ ಇಂಗ್ಲಿಷ್ ತಂತ್ರಾಂಶಗಳೊಳಗೇ ಭಾರತೀಯ ಲಿಪಿಗಳನ್ನು ಮೂಡಿಸಿತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ ಇಸ್ಕಿ ಸಂಕೇತವು, ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಸಂತಾನವೆಂಬ ತತ್ತ್ವವನ್ನು ಹಿಡಿದು, ಯಾವ ಲಿಪಿಯ ಕಕಾರಕ್ಕೂ ಒಂದೇ ಸಂಖ್ಯೆಯನ್ನಿತ್ತಿತು. ಅದೇ ಸುಮಾರಿಗೆ ಕೆ. ಪಿ. ರಾವ್ ಅವರು, ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಹೊತ್ತ ತಮ್ಮ ತಂತ್ರಾಂಶದಿಂದಲೂ, ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸದಿಂದಲೂ ಕನ್ನಡಕ್ಕೆ ಮಹೋಪಕಾರವನ್ನು ಮಾಡಿದರು.

ವಿಂಡೋಸಿನ ಯುಗ ಬಂದಾಗ ಈ ಒಗ್ಗಟ್ಟು ಒಡೆಯಿತು. ಆ ಕಾಲದ ವಿಂಡೋಸಿಗೆ ಕನ್ನಡವೆಂಬುದೊಂದು ಲಿಪಿಯಿದೆಯೆಂಬ ಅರಿವೇ ಇರಲಿಲ್ಲ. ಆದುದರಿಂದ ತಂತ್ರಾಂಶಕಾರರು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನಿರಿಸಿ ಫಾಂಟುಗಳನ್ನು ಮಾಡಿದರು. ಶ್ರೀಲಿಪಿ ಎಂಬ ತಂತ್ರಾಂಶದ್ದು ಒಂದು ಕ್ರಮ, ಆಕೃತಿ ಎಂಬುದರದ್ದು ಇನ್ನೊಂದು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಎಂಬ ತಂತ್ರಾಂಶವು ಉಚಿತವಾಗಿ ದೊರೆತು ದೇಶವಿದೇಶಗಳ ಕನ್ನಡಿಗರನ್ನು ಬರೆಯಲು ಹಚ್ಚಿತು. ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶವು ಸರ್ಕಾರದ ಬೆಂಬಲದಿಂದ ಕಚೇರಿಗಳನ್ನು ಸೇರಿತು. ಇವೆರಡೂ ಕ್ರಮೇಣ ಒಂದೇ ಸಂಕೇತಕ್ಕೆ ಬಂದುವೆಂಬುದು ಸಮಾಧಾನದ ವಿಷಯ. ಆದರೆ ನುಡಿಯಲ್ಲಿ ಟೈಪು ಮಾಡಿದ ಕನ್ನಡ ಎಂಬ ಪದವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದೇನು? ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಚಿಕ್ಕ ಕ್ಯು, ಮಗುದೊಮ್ಮೆ ಗೀಟಿನ ಎ. ಪಿ ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು. ಗೀಟಿನ ಎ ಎಂಬುದೇ ತಲೆಕಟ್ಟು. ಜರ್ಮನ್ ಅಕ್ಷರವು ನಕಾರದ ಒತ್ತು. ಆಪಲ್ ಸಂಸ್ಥೆಯ ಮ್ಯಾಕಿಂಟಾಷಿನಲ್ಲಿ ಈ ಅವಸ್ಥೆ ಇನ್ನೂ ಹದಗೆಡುತ್ತಿದ್ದಿತು. ಏಕೆಂದರೆ ವಿಂಡೋಸಿನಲ್ಲಿ 192ನೆಯ ಸಂಖ್ಯೆಗೆ ಗೀಟಿನ ಎ ನಿಂತಿದ್ದರೆ, ಹಳೆಯ ಮ್ಯಾಕಿನ ಪಟ್ಟಿಯಲ್ಲಿ ಅದೇ ಸಂಖ್ಯೆಗೆ ಸ್ಪೇನಿನವರ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ನಿಂತಿದ್ದಿತು. ಒಂದು ವ್ಯವಸ್ಥೆಯ ತಲೆಕಟ್ಟು ಇನ್ನೊಂದರ ಪ್ರಶ್ನಾರ್ಥಕ!

ತಮಿಳಿನವರದೂ ಇದೇ ಪಾಡು. ಅವರು 1999ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಸಮ್ಮೇಳನ ನಡೆಸಿ, ಒಂದು ಕೀಲಿಮಣೆಯನ್ನೂ ಟ್ಯಾಮ್, ಟ್ಯಾಬ್ ಎಂಬ ಎರಡು ಸಂಕೇತಗಳನ್ನೂ ನಿಶ್ಚಯಿಸಿದರು. ಹೊರನಾಡಿನ ತಮಿಳರು ಆಗಲೇ ಟಿಸ್ಕಿ ಎಂಬ ಬೇರೊಂದನ್ನು ಬಳಸುತ್ತಿದ್ದರು. ಈ ಎಲ್ಲ ಕವಲುಗಳ ಮೇಲೆ ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಡಹೊರಟ ಯುನಿಕೋಡ್ 1991ರಿಂದ ಇದ್ದರೂ, ಕಾರ್ಯಾಚರಣ ವ್ಯವಸ್ಥೆಯು ಅದನ್ನು ಒಪ್ಪಿ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವವರೆಗೆ ಅದರಿಂದ ಪ್ರಯೋಜನವಿರಲಿಲ್ಲ. ವಿಂಡೋಸ್ 2000 ತಮಿಳನ್ನೂ ದೇವನಾಗರಿಯನ್ನೂ ತೋರಿಸಿತು. ಕನ್ನಡವು ಮರುವರ್ಷದ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು, ಅಲ್ಲಿ ತುಂಗಾ ಎಂಬ ಫಾಂಟಿನೊಡನೆ ಬಂದಿತು. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಮುಕ್ತ ಫಾಂಟುಗಳು ಆ ಕೆಲಸವನ್ನು ಮಾಡಿದುವು. ಆಪಲಿನ ಮೇಜುಗಣಕವು ತನ್ನ ಕನ್ನಡ ಫಾಂಟುಗಳನ್ನು ತಂದುದು 2011ರಷ್ಟು ತಡವಾಗಿ.

ಯುನಿಕೋಡು ಇಸ್ಕಿಯ ಜಾಡನ್ನೇ ಹಿಡಿದುದರಿಂದ ಕೊಂಗುನಾಡಿನ ಕನ್ನಡಿಗನಿಗೆ ವಿಶೇಷವಾದ ಒಂದು ಲಾಭವುಂಟಾಯಿತು. ತಮಿಳಿನ ಕಕಾರದ ಸಂಖ್ಯೆ 2965. ಕನ್ನಡದ ಕಕಾರದ್ದು 3221. ವ್ಯತ್ಯಾಸ ಸರಿಯಾಗಿ 256. ಮಕಾರಕ್ಕೆ ಮಕಾರ, ಲಕಾರಕ್ಕೆ ಲಕಾರ, ಬಹುತೇಕ ಎಲ್ಲೆಡೆಯೂ ಇದೇ ಅಂತರ. ತಮಿಳಿನಲ್ಲಿಲ್ಲದ ಖಕಾರ ಗಕಾರಗಳ ಮನೆಗಳು ಅಲ್ಲಿ ಖಾಲಿಯಾಗಿವೆ. ಹೀಗಾಗಿ ತಮಿಳು ಅಕ್ಷರಗಳಲ್ಲಿ ಬರೆದಿಟ್ಟ ಮನೆಮಾತನ್ನು ಕನ್ನಡ ಲಿಪಿಗೆ ತರುವ ಮೊದಲ ಹೆಜ್ಜೆ ಬಹುಮಟ್ಟಿಗೆ ಒಂದು ಸಂಕಲನವಾಯಿತು. ಗಕಾರವೋ ಕಕಾರವೋ ಎಂಬುದನ್ನು ಆಮೇಲೆ ಮನುಷ್ಯನೇ ಕೂತು ತಿದ್ದಬೇಕೆಂಬುದು ನಿಜ. ಆದರೂ ಫಾಂಟುಗಳ ಯುಗದಲ್ಲಿ ಇದು ಊಹೆಗೂ ಎಟುಕದ ಸೌಕರ್ಯ.

ಇತ್ತ ವ್ಯವಸ್ಥೆಗಳ ಸ್ಪರ್ಧೆಯು ಸರ್ಕಾರದ ಬಾಗಿಲಿಗೂ ಬಂದಿತು. ತಮಿಳುನಾಡು ಸರ್ಕಾರದ ಇಲೆಕ್ಟ್ರಾನಿಕ್ಸ್ ನಿಗಮವಾದ ಎಲ್ಕಾಟ್ ಸಿ. ಉಮಾಶಂಕರ್ ಅವರ ಆಡಳಿತದಲ್ಲಿ, 2006ರ ತರುವಾಯದ ವರ್ಷಗಳಲ್ಲಿ, ವಿಂಡೋಸನ್ನು ಬಿಟ್ಟು ಸೂಸೆ ಲಿನಕ್ಸನ್ನು ಅಂಗೀಕರಿಸಿದುದು ದೇಶದಲ್ಲೆಲ್ಲ ಚರ್ಚೆಗೆ ವಿಷಯವಾಯಿತು. ನೆರೆಯ ಕೇರಳವು ತನ್ನ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿದಾಗ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನ ಮೇಲೆಯೇ ಗಣಕವನ್ನು ಕಲಿತರು. ಕನ್ನಡನಾಡಿನ ಒಳಗಿನ ಮಕ್ಕಳಿಗೆ ಅಷ್ಟು ವ್ಯಾಪಕವಾಗಿ ಆ ಭಾಗ್ಯ ದೊರೆಯದಿದ್ದುದು ನನಗೆ ಖೇದವನ್ನುಂಟುಮಾಡುತ್ತದೆ. ಚೆನ್ನೈಯ ಸಿಡ್ಯಾಕ್ 2007ರಲ್ಲಿ ಡೆಬಿಯನ್ ಎಂಬ ಲಿನಕ್ಸಿನ ತಳಹದಿಯ ಮೇಲೆ ಬಾಸ್ ಎಂಬ ಭಾರತೀಯ ವ್ಯವಸ್ಥೆಯನ್ನು ಹೊರತಂದಿತು. 2011ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರವು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪುಗಳನ್ನು ಹಂಚಲಾರಂಭಿಸಿದಾಗ, ಆ ಯಂತ್ರಗಳಲ್ಲಿ ವಿಂಡೋಸೂ ಬಾಸೂ ಅಕ್ಕಪಕ್ಕದಲ್ಲಿ ನೆಲೆಸಿದ್ದುವು. ತೆರೆಯುವಾಗ ಯಾವುದು ಬೇಕೆಂದು ಯಂತ್ರವೇ ಕೇಳುವುದು. ಮನೆಯಲ್ಲಿ ತಂದೆಯ ಟ್ಯಾಲಿಯನ್ನು ಕಂಡ ಹುಡುಗನು ಯಾವುದನ್ನು ಆರಿಸಿದನೆಂಬುದನ್ನು ಊಹಿಸುವುದು ಕಷ್ಟವಲ್ಲ. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತಾಗ ಸರ್ಕಾರಿ ಇಲಾಖೆಗಳಿಗೆ ಬಾಸನ್ನು ಅಳವಡಿಸಿಕೊಳ್ಳುವ ಸಲಹೆ ಮತ್ತೆ ಬಂದಿತು.

ಆದರೆ ಅಕ್ಷರಗಳ ಮಟ್ಟಿಗೆ ನಿರ್ಣಾಯಕವಾದ ಘಟನೆ ನಡೆದುದು ತಿರುಪ್ಪೂರಿನ ನೆರೆಯಲ್ಲೇ. 2010ರ ಜೂನ್ 23ರಿಂದ 27ರವರೆಗೆ ಕೊಯಮತ್ತೂರಿನ ಕೊಡಿಸಿಯಾ ಆವರಣದಲ್ಲಿ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನವೂ, ಅದರೊಡನೆ ತಮಿಳು ಅಂತರಜಾಲ ಸಮ್ಮೇಳನವೂ ಜರುಗಿದುವು. ಸಮ್ಮೇಳನದ ಮೊದಲ ದಿನದಂದೇ ರಾಜ್ಯ ಸರ್ಕಾರವು ಯುನಿಕೋಡನ್ನು ಅಧಿಕೃತ ಸಂಕೇತವೆಂದೂ, ಅದು ಒಗ್ಗದ ಕಡೆ ಟೇಸ್ 16 ಎಂಬುದನ್ನು ಬಳಸಬಹುದೆಂದೂ ಆಜ್ಞೆ ಮಾಡಿತು. ಈ ಎರಡನೆಯದರ ಹಿಂದೆ ಒಂದು ನ್ಯಾಯವಾದ ಅಸಮಾಧಾನವಿದ್ದಿತು: ಯುನಿಕೋಡಿನಲ್ಲಿ ತಮಿಳಿನ ಗುಣಿತಾಕ್ಷರವೊಂದು ಎರಡು ಸಂಖ್ಯೆಗಳಾಗಿ ಒಡೆಯುತ್ತದೆ, ಇನ್ನೂರ ನಲವತ್ತೇಳು ಅಕ್ಷರಗಳಿಗೂ ಒಂದೊಂದೇ ಸಂಖ್ಯೆಯಿರಬೇಕೆಂಬುದು ಅವರ ವಾದ. ಆದರೆ ಟೇಸ್ 16ರ ಸಂಖ್ಯೆಗಳು ಯುನಿಕೋಡಿನ ಖಾಸಗಿ ಬಳಕೆಯ ವಲಯದಲ್ಲಿದ್ದುದರಿಂದ, ಯಾವ ಕಾರ್ಯಾಚರಣ ವ್ಯವಸ್ಥೆಯೂ ಅವನ್ನು ತಾನಾಗಿ ಗುರುತಿಸಲಿಲ್ಲ; ಅದು ಜನಸಾಮಾನ್ಯರ ಬಳಕೆಗೆ ಇಳಿಯಲಿಲ್ಲ. ಉತ್ತಮವೆನಿಸಿದ್ದಕ್ಕಿಂತ ಸರ್ವಸಮ್ಮತವಾದುದು ಉಳಿಯಿತು. ಚಿದಾನಂದ ಗೌಡರ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ ಕರ್ನಾಟಕ ಸರ್ಕಾರವೂ 2012ರಲ್ಲಿ ಯುನಿಕೋಡನ್ನೇ ಶಿಷ್ಟತೆಯೆಂದು ಸಾರಿತು. ಅದೇ ವರ್ಷ ಆಂಡ್ರಾಯ್ಡಿನ 4.1ನೆಯ ಆವೃತ್ತಿಯು ಮೊಬೈಲಿನಲ್ಲಿ ಕನ್ನಡವನ್ನು ಮೂಡಿಸಿತು. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು, ವಿಂಡೋಸಿನ ಜೋಡಣೆಯ ಫಲವನ್ನೇ ಮಾದರಿಯಾಗಿಟ್ಟುಕೊಂಡು ಬೆಳೆದು, ಆಂಡ್ರಾಯ್ಡನ್ನೂ ಲಿನಕ್ಸಿನ ಮೇಜುಗಣಕಗಳನ್ನೂ ಸೇರಿದುದರಿಂದ, ತಿರುಪ್ಪೂರಿನ ಹುಡುಗಿ ಮೊಬೈಲಿನಲ್ಲಿ ಬರೆದುದನ್ನು ಬೆಂಗಳೂರಿನ ಅವಳ ಸೋದರಮಾವ ವಿಂಡೋಸಿನಲ್ಲಿ ಅದೇ ರೂಪದಲ್ಲಿ ಓದುವುದು ಸಾಧ್ಯವಾಯಿತು.

ಯುನಿಕೋಡಿನಲ್ಲಿಯೂ ಕುಂದುಗಳಿಲ್ಲದಿಲ್ಲ. ಹಳಗನ್ನಡದ ೞಕಾರಕ್ಕೆ ಅದರ ಪಟ್ಟಿಯಲ್ಲಿ ಎಫ್ಎ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ದಾಖಲಾದ ಹೆಸರನ್ನು ಬದಲಿಸುವುದಿಲ್ಲವೆಂಬುದು ಯುನಿಕೋಡ್ ಒಕ್ಕೂಟದ ನಿಯಮವಾದುದರಿಂದ, ಅದು ತಪ್ಪೆಂಬ ಟಿಪ್ಪಣಿಯೊಡನೆ ಹಾಗೆಯೇ ಉಳಿದಿದೆ. ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ಕಾಣುವ, ಸ್ವರವಿಲ್ಲದ ನಕಾರದ ರೂಪವಾದ ನಕಾರದ ಪೊಲ್ಲು 2021ರ 14ನೆಯ ಆವೃತ್ತಿಯಲ್ಲಷ್ಟೆ ಸೇರಿತು.

ಇನ್ನು ಉಳಿದಿರುವುದು ಹಳೆಯ ಕಡತಗಳ ಕೆಲಸ. 1990ರ ದಶಕದಿಂದ ಎರಡು ದಶಕಗಳ ಕಾಲ ಕನ್ನಡದಲ್ಲಿ ಅಚ್ಚಾದ ಪುಸ್ತಕ, ಕಚೇರಿಯ ಪತ್ರ, ಜಾತ್ರೆಯ ಆಹ್ವಾನಪತ್ರಿಕೆಗಳ ಬಹುಭಾಗ ಇಂದಿಗೂ ಆ ಚಿತ್ರಫಾಂಟುಗಳ ಸಂಕೇತದಲ್ಲಿಯೇ ಇದೆ. ಅವನ್ನು ಯುನಿಕೋಡಿಗೆ ತರುವುದು ಅಕ್ಷರಕ್ಕೆ ಅಕ್ಷರವನ್ನು ಬದಲಿಸಿದಷ್ಟು ಸುಲಭವಲ್ಲ. ಧರ್ಮ ಎಂಬ ಪದವನ್ನೇ ನೋಡಿ: ಹಳೆಯ ಸಂಕೇತವು ಕಣ್ಣಿಗೆ ಕಾಣುವ ಕ್ರಮದಲ್ಲಿ ಧಕಾರ, ಮಕಾರ, ಆಮೇಲೆ ಅರ್ಕಾವತ್ತು ಎಂದು ಬರೆದುಕೊಂಡಿದ್ದರೆ, ಯುನಿಕೋಡು ನಾಲಗೆಯ ಕ್ರಮವನ್ನನುಸರಿಸಿ ರಕಾರವನ್ನು ಮಕಾರಕ್ಕಿಂತ ಮೊದಲು ಇರಿಸುತ್ತದೆ, ಪರಿವರ್ತಕವು ಪ್ರತಿಯೊಂದು ಅರ್ಕಾವತ್ತನ್ನೂ ಹಿಡಿದು ಹಿಂದಕ್ಕೆ ಸರಿಸಬೇಕು. ನುಡಿ ಮತ್ತು ಬರಹಗಳ ಕಡತಗಳಿಗೆ ಇದನ್ನು ಮಾಡಬಲ್ಲ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಖಾಸಗಿ ಸಂಸ್ಥೆಗಳ ಫಾಂಟುಗಳಿಗೆ ಒಂದೊಂದಕ್ಕೂ ಬೇರೆಯೇ ಕೋಷ್ಟಕ ಬೇಕು; ಅಚ್ಚುಕೂಟಗಳಲ್ಲಿ ಆ ಫಾಂಟುಗಳನ್ನು ನಿತ್ಯ ಬಳಸಿ ಯಾವ ತುಂಡು ಯಾವ ಸಂಖ್ಯೆಯಲ್ಲಿದೆಯೆಂಬುದನ್ನು ಬಾಯಿಪಾಠವಾಗಿ ಬಲ್ಲವರು ನಮ್ಮೊಡನಿರುವಾಗಲೇ ಆ ಕೋಷ್ಟಕಗಳನ್ನು ಬರೆಸಿಕೊಳ್ಳಬೇಕಾಗಿದೆ.